ತಿರುಳಿಗೂ ಮಳೆಗಾಲವಿದೆ

ನವಿ ಮುಂಬೈಯ ಕೋಲ್ಡ್ ಸ್ಟೋರೇಜ್, ಪುಣೆಯ ಕಾರ್ಖಾನೆಯ ಮಾಡು, ಚೆನ್ನೈ ಹೊರವಲಯದಲ್ಲಿ ಕಟ್ಟಡ ಕಾರ್ಮಿಕರು ಮಲಗುವ ಬಿಳಿ ಕ್ಯಾಬಿನ್, ಹೈದರಾಬಾದಿನ ಔಷಧ ಕಾರ್ಖಾನೆಯ ಕ್ಲೀನ್ ರೂಮು, ದೆಹಲಿಯಿಂದ ಬೆಂಗಳೂರಿಗೆ ಹಾರುವ ವಿಮಾನದ ನೆಲದ ಹಲಗೆ: ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ಎರಡು ತೆಳು ಹಾಳೆಗಳು, ನಡುವೆ ಹಗುರವಾದ ದಪ್ಪ ತಿರುಳು, ಮೂರನ್ನೂ ಹಿಡಿದಿಡುವ ಅಂಟು. ಪುಸ್ತಕಗಳಲ್ಲಿ ಇದಕ್ಕೆ ಸ್ಯಾಂಡ್‌ವಿಚ್ ಪ್ಯಾನೆಲ್ ಎಂದು ಹೆಸರು. ಸೈಟಿನಲ್ಲಿ ಮಾತ್ರ, ಒಳಗೆ ಪಾಲಿಯುರೆಥೇನ್ ಫೋಮ್ ಇರಲಿ ಬಿಡಲಿ, ಎಲ್ಲವೂ 'ಪಫ್ ಪ್ಯಾನೆಲ್'.

ಈ ಪ್ಯಾನೆಲ್ಲುಗಳನ್ನು ಮಾರುವಾಗ ಕೈಗೆ ಸಿಗುವ ಕಾಗದದಲ್ಲಿ ತಿರುಳಿನ ಬಲ ಎಷ್ಟೆಂದು ಅಚ್ಚಾಗಿರುತ್ತದೆ. ಇಷ್ಟು ಒತ್ತಿದರೆ ಕುಸಿಯುವುದಿಲ್ಲ, ಇಷ್ಟು ಎಳೆದರೆ ಕೀಳುವುದಿಲ್ಲ. ಆ ಅಂಕಿಯನ್ನು ಅಳೆದ ಕೋಣೆಯ ಹವೆ ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್, ಶೇಕಡಾ 50 ಆರ್ದ್ರತೆ. ಜುಲೈ ತಿಂಗಳ ಮುಂಬೈಯಲ್ಲಿ ಅಂಥ ಒಂದು ದಿನವೂ ಬರುವುದಿಲ್ಲ. ಮೇ ತಿಂಗಳ ಚೆನ್ನೈಯಲ್ಲೂ ಇಲ್ಲ, ಜೂನಿನ ದೆಹಲಿಯಲ್ಲೂ ಇಲ್ಲ. ಅಂದರೆ ಕೊಳ್ಳುವವರು ಓದುವ ಬಲ ಒಂದು ಊರಿನದು, ಪ್ಯಾನೆಲ್ ಬದುಕಬೇಕಾದ ಊರು ಇನ್ನೊಂದು. ಹವೆ ಹೇಳದ ಬಲ ಅರ್ಧ ಮಾತು. ಉಳಿದ ಅರ್ಧವನ್ನು ಕೇಳಿ ಪಡೆಯುವ ರೂಢಿ ವಿಮಾನ ಮತ್ತು ಉಪಗ್ರಹಗಳನ್ನು ಕಟ್ಟುವವರಲ್ಲಿ ಬೇರೂರಿದೆ. ಜನ ಮಲಗುವ, ಕೆಲಸ ಮಾಡುವ, ಆಹಾರ ಕೂಡಿಡುವ ಕಟ್ಟಡಗಳನ್ನು ಕೊಳ್ಳುವವರಲ್ಲಿ ಅದು ಬೇರೂರಬೇಕಾಗಿದೆ.

ತಿರುಳು ಮಾಡುವ ಕೆಲಸವೇನು ಎಂಬುದನ್ನು ಮೊದಲು ನೋಡಬೇಕು. ಬಾಳೆಯ ಪಟ್ಟೆಯನ್ನು ಅಡ್ಡಕ್ಕೆ ಕೊಯ್ದವರಿಗೆ ಈ ರಚನೆ ಹೊಸದೇನಲ್ಲ. ಹೊರಗೊಂದು ನುಣುಪಾದ ಪದರ, ಒಳಗೊಂದು ಪದರ, ನಡುವೆ ಗಾಳಿ ತುಂಬಿದ ಗೂಡುಗಳ ಸಾಲು. ಇಂಥ ಪಟ್ಟೆಗಳು ಒಂದರ ಸುತ್ತ ಒಂದು ಸುತ್ತಿಕೊಂಡೇ ಅಷ್ಟು ದೊಡ್ಡ ಗೊನೆಯನ್ನು ಹೊರುತ್ತವೆ. ಎಂಜಿನಿಯರುಗಳ ಲೆಕ್ಕವೂ ಅದೇ. 1 ಮಿಲಿಮೀಟರ್ ದಪ್ಪದ ತಗಡಿನ ಬದಲು ಅರ್ಧ ಮಿಲಿಮೀಟರಿನ ಎರಡು ತಗಡುಗಳನ್ನು ತೆಗೆದುಕೊಂಡು, ನಡುವೆ 1 ಮಿಲಿಮೀಟರ್ ಹಗುರ ತಿರುಳು ತುಂಬಿದರೆ, ಬಾಗದೆ ನಿಲ್ಲುವ ಗುಣ 7 ಪಟ್ಟಾಗುತ್ತದೆ. ತಿರುಳನ್ನು 3 ಮಿಲಿಮೀಟರ್ ಮಾಡಿದರೆ 37 ಪಟ್ಟು. ತೂಕ ಹೆಚ್ಚುವುದು ತೀರಾ ಕಡಿಮೆ. ವಿಮಾನದಿಂದ ಕೋಲ್ಡ್ ಸ್ಟೋರೇಜಿನ ತನಕ ಎಲ್ಲರೂ ಈ ಲಾಭಕ್ಕೇ ಮಾರುಹೋಗಿರುವುದು.

ಲಾಭಕ್ಕೊಂದು ಷರತ್ತಿದೆ. ತಿರುಳು ಎರಡೂ ಹಾಳೆಗಳನ್ನು ಅವುಗಳ ದೂರದಲ್ಲೇ ಹಿಡಿದಿರಬೇಕು, ಒಂದರ ಮೇಲೊಂದು ಜಾರಲು ಬಿಡಬಾರದು. 200 ಪುಟದ ನೋಟ್‌ಬುಕ್ಕನ್ನು ಬಗ್ಗಿಸಿದರೆ ಸಲೀಸಾಗಿ ಬಾಗುತ್ತದೆ, ಏಕೆಂದರೆ ಪುಟಗಳು ಒಂದರ ಮೇಲೊಂದು ಜಾರುತ್ತವೆ. ಅದೇ ಪುಟಗಳನ್ನು ಅಂಟಿಸಿಬಿಟ್ಟರೆ ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಈ ಜಾರುವಿಕೆಯನ್ನು ತಡೆಯುವ ಬಲಕ್ಕೆ ಷಿಯರ್ ಬಲ ಎನ್ನುತ್ತಾರೆ. ತಿರುಳಿನ ಷಿಯರ್ ಬಲ ಕುಂದಿದರೆ ಪ್ಯಾನೆಲ್ ಜೋತುಬೀಳುತ್ತದೆ. ತಿರುಳು ಮೆತ್ತಗಾದರೆ ಒತ್ತಡಕ್ಕೆ ಸಿಕ್ಕ ಹೊರಹಾಳೆ ಸುಕ್ಕುಗಟ್ಟಿ ಒಂದೇ ಕ್ಷಣಕ್ಕೆ ಮಡಚಿಕೊಳ್ಳುತ್ತದೆ. ಅಂಟು ಬಿಟ್ಟರೆ ಮೂರು ವಸ್ತುಗಳು ಒಟ್ಟಿಗೆ ಇದ್ದರೂ ಪ್ಯಾನೆಲ್ ಎಂಬುದೇ ಉಳಿಯುವುದಿಲ್ಲ. ಮೂರೂ ನಡೆಯುವುದು ಒಳಗೆ. ಹೊರಗಿನ ಬಣ್ಣ ಮಾಸದೆ ಹೊಳೆಯುತ್ತಲೇ ಇರಬಹುದು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಅಕ್ಷರಶಃ ಹೊಂದುವ ವಸ್ತು ಇನ್ನೊಂದಿಲ್ಲ.

ತಿರುಳಿನ ಜಾತಿಗೆ ತಕ್ಕಂತೆ ಹವೆಯ ಏಟೂ ಬೇರೆ. ಬಾಲ್ಸಾ ಮರ ಕನ್ನಡದ 'ಬೆಂಡು' ಎಂಬ ಮಾತಿಗೆ ತಕ್ಕ ಮರ. ಹೆಚ್ಚಾಗಿ ಈಕ್ವೆಡಾರ್ ದೇಶದಿಂದ ಬರುತ್ತದೆ. ಗಾಳಿಯಂತ್ರದ ರೆಕ್ಕೆಗಳ ಹೊಟ್ಟೆಯಲ್ಲಿ ಬಾಲ್ಸಾ ಅಥವಾ ಫೋಮ್ ಇರುವುದು ಸಾಮಾನ್ಯ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳೂ ಈ ಸ್ಯಾಂಡ್‌ವಿಚ್ ವಿದ್ಯೆಯ ಕೂಸುಗಳೇ. ಮರದ ಬಲವನ್ನು ಶೇಕಡಾ 12ರಷ್ಟು ತೇವ ಇರುವಾಗ ಅಳೆಯುವುದು ವಾಡಿಕೆ. ತೇವ ಏರುತ್ತಾ ಶೇಕಡಾ 30ರ ಆಸುಪಾಸಿಗೆ ಬಂದರೆ ಎಳೆಯುದ್ದಕ್ಕೆ ಒತ್ತುವ ಭಾರವನ್ನು ತಾಳುವ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತದೆ. ಬಾಲ್ಸಾ ತುಂಡುಗಳನ್ನು ಪ್ಯಾನೆಲ್ಲಿನಲ್ಲಿ ಎಳೆ ನೆಟ್ಟಗೆ ನಿಲ್ಲುವಂತೆ ಜೋಡಿಸುವುದರಿಂದ ಬೇಕಾಗಿರುವುದು ಸರಿಯಾಗಿ ಆ ಬಲವೇ. ಮರ ಒಣಗಿದರೆ ಬಲ ಬಹುಪಾಲು ಮರಳುತ್ತದೆ. ಒಣಗದೆ ಕೂತರೆ ಬೂಷ್ಟು ಹಿಡಿದು ಕೊಳೆಯುತ್ತದೆ, ಆಮೇಲೆ ಮರಳುವುದಕ್ಕೆ ಏನೂ ಇರುವುದಿಲ್ಲ. ಬಾಲ್ಸಾ ತಿರುಳಿನ ದೋಣಿಗಳ ಡೆಕ್ಕು ಕಾಲಿಟ್ಟಲ್ಲಿ ಮೆತ್ತಗೆ ಕುಸಿಯುವ ಕಾಯಿಲೆ ಶುರುವಾಗುವುದು ಬಹಳ ಸಲ ಒಂದೇ ಒಂದು ಸ್ಕ್ರೂ ತೂತಿನಿಂದ. ಯಾರೋ ಕೈಪಿಡಿ ಕೂರಿಸಲು ಕೊರೆದ ತೂತಿಗೆ ಸೀಲಂಟ್ ಹಾಕಿರುವುದಿಲ್ಲ.

ಜೇನುಗೂಡಿನ ಆಕಾರದ ತಿರುಳು ವಿಮಾನಗಳದ್ದು. ಕೆಲವು ಅಲ್ಯೂಮಿನಿಯಂ ಹಾಳೆಯವು, ಕೆಲವು ನೋಮೆಕ್ಸ್ ಎಂಬ ಕಾಗದವನ್ನು ಫಿನಾಲಿಕ್ ರೆಸಿನ್ನಿನಲ್ಲಿ ಅದ್ದಿ ಮಾಡಿದವು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಕರಿದ ಹಪ್ಪಳ ಮೆತ್ತಗಾಗುವ ಹಾಗೆ, ನೋಮೆಕ್ಸ್ ಕೂಡ, ಹಾಳೆಯ ರೆಸಿನ್ ಕೂಡ ಹವೆಯ ತೇವ ಹೀರಿ ತುಸು ಮೆತ್ತಗಾಗುತ್ತವೆ. ನೀರಿನ ಅಣುಗಳು ಉದ್ದನೆಯ ಸರಪಳಿ ಅಣುಗಳ ನಡುವೆ ಸೇರಿಕೊಂಡು ಅವುಗಳ ಹಿಡಿತ ಸಡಿಲಿಸುತ್ತವೆ. ಒಣಗಿಸಿದರೆ ಇದು ಸರಿಹೋಗುತ್ತದೆ. ಗೂಡಿನೊಳಗೆ ನೀರೇ ನಿಂತರೆ ಕಥೆ ಬೇರೆ. ಎತ್ತರದಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿ ಕೆಳಗಿರುತ್ತದೆ, ನೀರು ಮಂಜುಗಡ್ಡೆಯಾಗಿ ಶೇಕಡಾ 9ರಷ್ಟು ಹಿಗ್ಗಿ ಗೂಡಿನ ಗೋಡೆಯನ್ನು ಸೀಳುತ್ತದೆ. ಇಳಿದಾಗ ಕರಗಿ ಪಕ್ಕದ ಗೂಡಿಗೆ ಹರಿಯುತ್ತದೆ. ಮರುದಿನ ಮತ್ತದೇ. ದುರಸ್ತಿಗೆಂದು ಒದ್ದೆ ಪ್ಯಾನೆಲ್ಲನ್ನು ಒಣಗಿಸದೆ ಕಾಯಿಸಿದರೆ ಇನ್ನೊಂದು ಅಪಾಯ. 180 ಡಿಗ್ರಿಯಲ್ಲಿ ಸಿಕ್ಕಿಬಿದ್ದ ನೀರಾವಿಯ ಒತ್ತಡ ಸುಮಾರು 10 ಬಾರ್, ಅಂದರೆ ಹೊರಗಿನ ಗಾಳಿಯ ಹತ್ತುಪಟ್ಟು. ಹಾಳೆ ಪೂರಿಯಂತೆ ಉಬ್ಬಿ ಕಿತ್ತುಬರುತ್ತದೆ.

ಫೋಮ್ ತಿರುಳಿಗೆ ನೀರಿಗಿಂತ ಬಿಸಿಲು ದೊಡ್ಡ ಶತ್ರು. ಪಿವಿಸಿ ಪ್ಲಾಸ್ಟಿಕ್ 80 ಡಿಗ್ರಿಯ ಸುಮಾರಿಗೆ ತನ್ನ ಗಟ್ಟಿತನ ಬಿಟ್ಟುಕೊಡಲು ತೊಡಗುತ್ತದೆ. ಬಿಸಿಲಿನಲ್ಲಿ ಕಪ್ಪು ಮೈ ಅಷ್ಟು ಕಾಯುವುದು ಅಪರೂಪವಲ್ಲ. ಲೋಹದ ಹಾಳೆಯ ಪ್ಯಾನೆಲ್ಲುಗಳಿಗೆ ಯುರೋಪಿನಲ್ಲಿರುವ ಇಎನ್ 14509 ಎಂಬ ಮಾನದಂಡ ಇದನ್ನು ಬಣ್ಣದ ಮೇಲೆಯೇ ಲೆಕ್ಕ ಹಾಕುತ್ತದೆ. ತೀರಾ ತಿಳಿ ಬಣ್ಣದ ಹೊರಹಾಳೆಗೆ 55 ಡಿಗ್ರಿ, ತಿಳಿ ಬಣ್ಣಕ್ಕೆ 65, ಗಾಢ ಬಣ್ಣಕ್ಕೆ 80 ಎಂದು ಹಿಡಿದು ವಿನ್ಯಾಸ ಮಾಡಬೇಕು. ಅದು ಯುರೋಪಿನ ಬಿಸಿಲಿಗೆ ಬರೆದ ಲೆಕ್ಕ. ಹೊರಹಾಳೆ 80 ಡಿಗ್ರಿಗೆ ಕಾದು, ಎಸಿ ಹಾಕಿದ ಒಳಹಾಳೆ 25 ಡಿಗ್ರಿಯಲ್ಲಿದ್ದರೆ, 6 ಮೀಟರ್ ಉದ್ದದ ಉಕ್ಕಿನ ಹೊರಹಾಳೆ ಒಳಹಾಳೆಗಿಂತ ಸುಮಾರು 4 ಮಿಲಿಮೀಟರ್ ಉದ್ದವಾಗಲು ಹವಣಿಸುತ್ತದೆ. ಪ್ಯಾನೆಲ್ ಬಿಲ್ಲಿನಂತೆ ಬಾಗಬೇಕು. ನಡುವೆ ತೊಲೆಗೆ ಬಿಗಿದಿದ್ದರೆ ಬಾಗಲಾರದು, ಆ ಒತ್ತಾಯವೆಲ್ಲ ತಿರುಳಿನ ಮೇಲೆ ಬೀಳುತ್ತದೆ, ಅದೂ ತಿರುಳು ಬಿಸಿಗೆ ಮೆತ್ತಗಾಗಿರುವ ಹೊತ್ತಿನಲ್ಲೇ. ಸಂಜೆ ಮಳೆ ಬಂದರೆ ಕೆಲವೇ ನಿಮಿಷಗಳಲ್ಲಿ ಎಲ್ಲ ತಿರುವುಮುರುವು. ಬೆಂಕಿ ತಾಳದಿರುವುದು ಫೋಮಿನ ಇನ್ನೊಂದು ಮುಖ, ಅದು ಬೇರೆಯದೇ ಚರ್ಚೆ. ಬೆಂಕಿಗೆ ಹೆದರಿ ಖನಿಜ ಉಣ್ಣೆಯ ತಿರುಳನ್ನು ಆರಿಸಿಕೊಂಡವರಿಗೂ ಹವೆಯಿಂದ ಬಿಡುಗಡೆ ಇಲ್ಲ. ಆ ಎಳೆಗಳನ್ನು ಹಿಡಿದಿಡುವ ಬಂಧಕ ಬಿಸಿ ಮತ್ತು ತೇವ ಒಟ್ಟಾದಾಗ ಸಡಿಲವಾಗುತ್ತದೆ. ಬಿಸಿ ತೇವದ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟು ಆಮೇಲೆ ಎಳೆದುನೋಡುವ ಪರೀಕ್ಷೆ ಅದಕ್ಕೆಂದೇ ಇದೆ.

ಇಷ್ಟೆಲ್ಲ ತಿಳಿದಿರುವ ಸಂಗತಿ. ಹಾಗಿದ್ದರೂ ಕೊಳ್ಳುವವರ ಕಣ್ಣಿಗೆ ಬೀಳದಿರುವುದಕ್ಕೆ ಭಾಷೆಯೂ ಒಂದು ಕಾರಣ. ಡೇಟಾಶೀಟ್ ಎಂಬ ಬರಹಪ್ರಕಾರದಲ್ಲಿ ಅಂಕಿ ದಪ್ಪಕ್ಷರದಲ್ಲಿರುತ್ತದೆ, ಷರತ್ತು ಪುಟದ ಅಡಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿರುತ್ತದೆ. ಅಂಕಿಯ ಪಕ್ಕ 'ಟಿಪಿಕಲ್' ಎಂಬ ಪದವಿದ್ದರೆ ಅದು ಸರಾಸರಿ ಎಂದರ್ಥ. ಬಂದಿಳಿಯುವ ಸರಕಿನಲ್ಲಿ ಅರ್ಧದಷ್ಟು ಅದಕ್ಕಿಂತ ದುರ್ಬಲವಾಗಿದ್ದರೂ ಮಾತು ತಪ್ಪಿದಂತಾಗುವುದಿಲ್ಲ. 'ಕನಿಷ್ಠ' ಎಂಬ ಪದ ಮಾತ್ರ ಭರವಸೆ. 'ಕ್ಲೋಸ್ಡ್ ಸೆಲ್' ಎಂದರೆ ಫೋಮಿನ ಒಂದೊಂದು ಗುಳ್ಳೆಯೂ ಮುಚ್ಚಿದೆ ಎಂದಷ್ಟೇ. ಅದನ್ನು 'ಜಲನಿರೋಧಕ' ಎಂದು ಓದಿಕೊಳ್ಳುವುದು ಕೊಳ್ಳುವವರ ಆಸೆ, ಹಾಗೆ ಓದಿಕೊಳ್ಳಲು ಬಿಡುವುದು ಮಾರುವವರ ಜಾಣತನ. ಆವಿ ನೀರಿನಂತೆ ತೊಟ್ಟಿಕ್ಕುವುದಿಲ್ಲ, ನಿಧಾನವಾಗಿ ಗುಳ್ಳೆಯ ಗೋಡೆಯನ್ನೇ ದಾಟುತ್ತದೆ.

ಕನ್ನಡದ ಸಹಜ ವಾಕ್ಯ ಹೀಗಿರುವುದಿಲ್ಲ. 'ಮಳೆ ಬಂದರೆ ಕೆರೆ ತುಂಬುತ್ತದೆ' ಎನ್ನುವಾಗ ಷರತ್ತು ಮುಂದೆ ಬರುತ್ತದೆ, ಫಲ ಆಮೇಲೆ. ಕೇಳುವವರು ಷರತ್ತನ್ನು ದಾಟದೆ ಫಲಕ್ಕೆ ಬರುವಂತಿಲ್ಲ. ಡೇಟಾಶೀಟನ್ನು ಈ ವಾಕ್ಯಕ್ಕೆ ಒಗ್ಗಿಸಿ ಬರೆದರೆ ಹೀಗಾಗುತ್ತದೆ: 'ಹೊಸದಾಗಿದ್ದು, ಒಣಗಿದ್ದು, 23 ಡಿಗ್ರಿಯ ಕೋಣೆಯಲ್ಲಿದ್ದರೆ ಈ ತಿರುಳು ಸರಾಸರಿ ಇಷ್ಟು ಭಾರ ತಾಳುತ್ತದೆ.' ಹೀಗೆ ಓದಿದವರ ಬಾಯಲ್ಲಿ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಹಳೆಯದಾಗಿದ್ದು, ನೆನೆದಿದ್ದು, 60 ಡಿಗ್ರಿ ಕಾದಿದ್ದರೆ?

ಆ ಪ್ರಶ್ನೆಯನ್ನು ಕೇಳದಿದ್ದರೆ ಏನಾದೀತು ಎಂಬುದಕ್ಕೆ ವಿಮಾನಗಳ ಚರಿತ್ರೆಯಲ್ಲಿ ದಾಖಲೆಗಳಿವೆ. 2005ರ ಮಾರ್ಚ್ 6ರಂದು ಏರ್ ಟ್ರಾನ್ಸಾಟ್ ಸಂಸ್ಥೆಯ ಏರ್‌ಬಸ್ ಎ310 ವಿಮಾನ ಕ್ಯೂಬಾದ ವರದೇರೊದಿಂದ ಕೆನಡಾದ ಕ್ವಿಬೆಕ್ ನಗರಕ್ಕೆ ಹೊರಟಿತು. ಒಳಗೆ 262 ಪ್ರಯಾಣಿಕರು, 9 ಸಿಬ್ಬಂದಿ. 35,000 ಅಡಿ ಎತ್ತರದಲ್ಲಿ ದೊಡ್ಡ ಸದ್ದಾಯಿತು, ವಿಮಾನ ಓಲಾಡಿತು. ವಿಮಾನ ವರದೇರೊಗೆ ಸುರಕ್ಷಿತವಾಗಿ ಮರಳಿ ಇಳಿದ ಮೇಲೆ ನೋಡಿದರೆ ಬಾಲದ ರಡ್ಡರ್ ಬಹುಪಾಲು ಇರಲೇ ಇಲ್ಲ. ಆ ರಡ್ಡರ್ ಕಾರ್ಬನ್ ಫೈಬರ್ ಹಾಳೆಗಳ ನಡುವೆ ನೋಮೆಕ್ಸ್ ಜೇನುಗೂಡು ತುಂಬಿ ಮಾಡಿದ್ದು. ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿ, ಹೊರಡುವ ಮುಂಚೆಯೇ ಹಾಳೆ ತಿರುಳಿನಿಂದ ಬಿಟ್ಟಿರಬೇಕು ಅಥವಾ ತಿರುಳೇ ಒಳಗೆ ಬಿರಿದಿರಬೇಕು, ಆ ಹಾನಿ ಹಾರಾಟದಲ್ಲಿ ಬೆಳೆಯಿತು ಎಂದು ಹೇಳಿತು. ಅಂಥ ಹಾನಿಯನ್ನು ಹೊತ್ತಿಗೆ ಸರಿಯಾಗಿ ಹಿಡಿಯಲು ಆಗ ಜಾರಿಯಲ್ಲಿದ್ದ ತಪಾಸಣೆಯ ಕ್ರಮ ಸಾಲದೆಂದೂ ಹೇಳಿತು. ಬೆಳೆಯುವುದು ಹೇಗೆ? 35,000 ಅಡಿಯಲ್ಲಿ ಹೊರಗಿನ ಗಾಳಿಯ ಒತ್ತಡ ನೆಲಮಟ್ಟದ ಕಾಲುಭಾಗಕ್ಕಿಂತ ಕಡಿಮೆ. ಮುಚ್ಚಿದ ಗೂಡುಗಳಲ್ಲಿ ಉಳಿದ ಗಾಳಿ, ಬಿಟ್ಟುಹೋದ ಹಾಳೆಯನ್ನು ಒಳಗಿನಿಂದ ನೂಕುತ್ತದೆ. ಇಳಿದಾಗ ನೂಕು ನಿಲ್ಲುತ್ತದೆ, ಮತ್ತೆ ಏರಿದಾಗ ಮತ್ತೆ. ಅದೇ ವರ್ಷದ ಕೊನೆಗೆ ಅದೇ ಬಗೆಯ ರಡ್ಡರಿದ್ದ ಇನ್ನೊಂದು ಸರಕು ವಿಮಾನದಲ್ಲಿ ಹೈಡ್ರಾಲಿಕ್ ದ್ರವ ಒಳಸೇರಿ ಹಾಳೆ ಮತ್ತು ಜೇನುಗೂಡು ಬೇರೆಯಾಗಿದ್ದು ಕಂಡುಬಂತು. ಆಮೇಲೆ ತಪಾಸಣೆಯ ನಿಯಮಗಳು ಬಿಗಿಯಾದವು. 'ಹವೆ' ಎಂದರೆ ಮಳೆ ಬಿಸಿಲು ಮಾತ್ರ ಎಂದುಕೊಳ್ಳುವಂತಿಲ್ಲ. ಒತ್ತಡ, ಎಣ್ಣೆ, ಏರಿಳಿತಗಳ ಲೆಕ್ಕ ಎಲ್ಲವೂ ತಿರುಳಿನ ಪಾಲಿಗೆ ಹವೆಯೇ.

ಇನ್ನೊಂದು ದಾಖಲೆ ಭಾರತದ ನೆಲದ್ದು, ಹೆಚ್ಚು ತೊಡಕಿನದು. ಎರಡನೆಯ ಮಹಾಯುದ್ಧದ ಡಿ ಹ್ಯಾವಿಲೆಂಡ್ ಮಸ್ಕಿಟೊ ಮರದ ವಿಮಾನ. ಅದರ ಒಡಲು ಬರ್ಚ್ ಪ್ಲೈವುಡ್ಡಿನ ನಡುವೆ ಬಾಲ್ಸಾ ತಿರುಳಿಟ್ಟು ಕಟ್ಟಿದ್ದು, ರೆಕ್ಕೆ ಪ್ಲೈವುಡ್ ಪದರಗಳ ನಡುವೆ ಮರದ ಪಟ್ಟಿಗಳನ್ನಿಟ್ಟು ಅಂಟಿಸಿದ್ದು. ಮೊದಮೊದಲು ಬಳಸಿದ ಅಂಟು ಹಾಲಿನಿಂದ ತೆಗೆದ ಕೇಸೀನ್, ಆಮೇಲೆ ಫಾರ್ಮಾಲ್ಡಿಹೈಡ್ ಅಂಟು ಬಂತು. 1944ರಲ್ಲಿ ಭಾರತ ಮತ್ತು ಬರ್ಮಾದಲ್ಲಿ ಹಾರುತ್ತಿದ್ದ ಮಸ್ಕಿಟೊಗಳು ಗಾಳಿಯಲ್ಲೇ ಮುರಿದುಬಿದ್ದವು. ವರ್ಷದ ಕೊನೆಗೆ ಇಲ್ಲಿನ ಮಸ್ಕಿಟೊಗಳನ್ನೆಲ್ಲ ನೆಲಕ್ಕಿಳಿಸಿ ತಪಾಸಣೆ ಮಾಡಬೇಕಾಯಿತು. ಕಾರಣ ಏನು? ಕಂಪನಿಯ ಕಡೆಯಿಂದ ಬಂದು ನೋಡಿದವರು ಅಂಟಿನದು ತಪ್ಪಿಲ್ಲ, ಮಳೆಗಾಲದ ಹವೆಗೆ ಮರ ಕುಗ್ಗಿದ್ದೇ ಕಾರಣ ಎಂದರು. ಮುಂದಿನ ತನಿಖೆ ಬೇರೆಯದನ್ನೇ ಹೇಳಿತು. ಮಳೆಗಾಲವನ್ನೇ ಕಾಣದ, ಇಂಗ್ಲೆಂಡಿನಲ್ಲೇ ಇದ್ದ ವಿಮಾನಗಳನ್ನು ಬಿಚ್ಚಿ ನೋಡಿದಾಗ ಅವುಗಳಲ್ಲೂ ಅದೇ ಬಗೆಯ ದೋಷಗಳಿದ್ದವು. ಜೋಡಣೆ ಸರಿಯಿರಲಿಲ್ಲ, ಅಂಟು ಹಾಕಿದ ರೀತಿ ಸರಿಯಿರಲಿಲ್ಲ. ಕೊನೆಗೆ ರೆಕ್ಕೆಯ ಸಂದಿಯ ಮೇಲೆ ಪ್ಲೈವುಡ್ ಪಟ್ಟಿ ಹಾಕಿ ಮುಚ್ಚಲಾಯಿತು, ಬಿಸಿಲನ್ನು ತಿರುಗಿಸಲು ಬೆಳ್ಳಿ ಬಣ್ಣ ಬಳಿಯಲಾಯಿತು.

ಈ ಪ್ರಸಂಗವನ್ನು 'ತಪ್ಪು ಹವೆಯದ್ದಲ್ಲ, ಕೈಯದ್ದು' ಎಂದು ಮುಗಿಸಿಬಿಡುವವರಿದ್ದಾರೆ. ಅದು ಅರ್ಧ ಪಾಠ. ಸಂದಿ ಬಿಟ್ಟಿದ್ದು ಕೈ, ಸಂದಿಯಲ್ಲಿ ಹೊಕ್ಕಿದ್ದು ಹವೆ. ಒಳ್ಳೆಯ ಹವೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳಬಹುದಾದ ಕಳಪೆ ಕೆಲಸವನ್ನು ಮಳೆಗಾಲ ಒಂದೇ ವರ್ಷದಲ್ಲಿ ಬಯಲು ಮಾಡುತ್ತದೆ. ಹಾಗಾಗಿ ಕುಸಿತದ ನಂತರ 'ಹವಾಮಾನ ವೈಪರೀತ್ಯ' ಎಂದು ಷರಾ ಬರೆಯುವುದನ್ನು ಒಪ್ಪಬಾರದು. ಮುಂಬೈಗೆ ಜೂನಿನಲ್ಲಿ ಮಳೆ ಬರುವುದು ಯಾರಿಗೂ ಅನಿರೀಕ್ಷಿತವಲ್ಲ. ಗೊತ್ತಿದ್ದ ಹವೆಗೆ ತಕ್ಕಂತೆ ಕಟ್ಟದಿರುವುದು ಹವೆಯ ತಪ್ಪಾಗಲಾರದು.

ಕೋಲ್ಡ್ ಸ್ಟೋರೇಜ್ ಇದಕ್ಕೆ ದಿನನಿತ್ಯದ ಉದಾಹರಣೆ. ಮಳೆಗಾಲದ ಮುಂಬೈಯಲ್ಲಿ 30 ಡಿಗ್ರಿ, ಶೇಕಡಾ 80 ಆರ್ದ್ರತೆ ಇದ್ದರೆ ಹೊರಗಿನ ಗಾಳಿಯಲ್ಲಿ ನೀರಾವಿಯ ಒತ್ತಡ ಸುಮಾರು 3.4 ಕಿಲೊಪಾಸ್ಕಲ್. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಮೀನು ಇಟ್ಟ ಕೋಣೆಯೊಳಗೆ ಅದು ಹೆಚ್ಚೆಂದರೆ 0.1. ಮೂವತ್ತು ಪಟ್ಟಿಗೂ ಮೀರಿದ ಈ ಅಂತರ ಹಗಲೂ ರಾತ್ರಿ ಆವಿಯನ್ನು ಹೊರಗಿನಿಂದ ಒಳಕ್ಕೆ ನೂಕುತ್ತಲೇ ಇರುತ್ತದೆ. ಉಕ್ಕಿನ ಹಾಳೆಯನ್ನು ಅದು ದಾಟಲಾರದು. ಎರಡು ಪ್ಯಾನೆಲ್ ಕೂಡುವ ಸಂದಿ, ಪೈಪ್ ಹೋಗುವ ತೂತು, ಬಾಗಿಲ ಚೌಕಟ್ಟಿನ ಬದಿ ಸಿಕ್ಕರೆ ಅಲ್ಲಿಂದ ನುಗ್ಗಿ ತಿರುಳಿನೊಳಗೆ ಮಂಜುಗಡ್ಡೆಯಾಗಿ ಕೂರುತ್ತದೆ. ಶಾಖ ಹರಿಸುವುದರಲ್ಲಿ ಮಂಜುಗಡ್ಡೆ ಪಾಲಿಯುರೆಥೇನ್ ಫೋಮಿಗಿಂತ ಹೆಚ್ಚುಕಡಿಮೆ ನೂರು ಪಟ್ಟು ಮುಂದು. ಕರೆಂಟ್ ಬಿಲ್ ಏರುತ್ತದೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಮಾಡಿನ ಪ್ಯಾನೆಲ್ಲಿನ ತೂಕ ಏರುತ್ತದೆ. ತೂಕ ಏರುತ್ತಿರುವಾಗಲೇ ಅದನ್ನು ಹೊರುವ ತಿರುಳು ಮತ್ತು ಅಂಟು ಕುಂದುತ್ತಿರುತ್ತವೆ. ಕೆಳಗೆ ಪೆಟ್ಟಿಗೆ ಎತ್ತಿಡುವ ಹುಡುಗನಿಗೆ ಈ ಎರಡು ಗೆರೆಗಳು ಎಲ್ಲಿ ಸಂಧಿಸುತ್ತವೆ ಎಂದು ತಿಳಿಯುವ ದಾರಿಯೇ ಇಲ್ಲ.

ಇದಕ್ಕೆ ಎದುರಾಗಿ ಬರುವ ವಾದಗಳಲ್ಲಿ ಮೂರಕ್ಕೆ ಉತ್ತರ ಕೊಡಬೇಕು. ಎಲ್ಲರೂ ಒಂದೇ ಹವೆಯಲ್ಲಿ ಅಳೆಯದಿದ್ದರೆ ಒಂದು ತಿರುಳನ್ನು ಇನ್ನೊಂದಕ್ಕೆ ಹೋಲಿಸುವುದು ಹೇಗೆ ಎಂಬುದು ಮೊದಲನೆಯದು. ಮಾತು ಸರಿ. 23 ಡಿಗ್ರಿಯ ಅಂಕಿ ಇರಲಿ, ಅದರ ಪಕ್ಕದಲ್ಲಿ ಬಿಸಿ ಒದ್ದೆಯ ಅಂಕಿಯೂ ಇರಲಿ. ವಿಮಾನದ ಜಗತ್ತಿನಲ್ಲಿ ಎರಡನ್ನೂ ಅಳೆದು, ಕೆಟ್ಟದ್ದನ್ನು ಹಿಡಿದೇ ವಿನ್ಯಾಸ ಮಾಡುತ್ತಾರೆ. ಬಿಸಿ ಒದ್ದೆ ಪರೀಕ್ಷೆಗೆ ವಾರಗಳು ಹಿಡಿಯುತ್ತವೆ, ದುಬಾರಿ ಎಂಬುದು ಎರಡನೆಯದು. ಅದೂ ನಿಜ. ಒಂದು ಬಗೆಯ ತಿರುಳಿಗೆ ಒಮ್ಮೆ ಮಾಡಿದ ಪರೀಕ್ಷೆ ಸಾವಿರಾರು ಪ್ಯಾನೆಲ್ಲುಗಳಿಗೆ ಸಲ್ಲುತ್ತದೆ ಎಂಬುದೂ ಅಷ್ಟೇ ನಿಜ.

ಇವು ತಾತ್ಕಾಲಿಕ ಕಟ್ಟಡಗಳು, ವಿಮಾನದ ನಿಯಮವನ್ನು ಕ್ಯಾಬಿನ್ನಿಗೆ ಹೇರಬೇಡಿ ಎಂಬ ಮೂರನೆಯ ವಾದ ಎಲ್ಲಕ್ಕಿಂತ ಹೆಚ್ಚು ಕೇಳಿಬರುವಂಥದ್ದು, ಎಲ್ಲಕ್ಕಿಂತ ಟೊಳ್ಳು. ತಾತ್ಕಾಲಿಕ ಎಂದು ನಿಲ್ಲಿಸಿದ ಶೆಡ್ಡು ಹತ್ತು ಮಳೆಗಾಲ ಕಂಡರೂ ಅಲ್ಲೇ ಇರುತ್ತದೆ. ಒಂದು ಸೈಟಿನಿಂದ ಕಳಚಿ ಇನ್ನೊಂದಕ್ಕೆ ಹೋಗುವ ಕ್ಯಾಬಿನ್ನಿಗೆ ಪ್ರತಿ ಸಲವೂ ಹೊಸ ಸ್ಕ್ರೂ ತೂತುಗಳಾಗುತ್ತವೆ, ಹಳೆಯವು ತೆರೆದೇ ಉಳಿಯುತ್ತವೆ. ಬಾಳಿಕೆ ಕಡಿಮೆ ಇರಲಿ ಎಂದು ಒಪ್ಪಿದರೂ, ಆ ಬಾಳಿಕೆಯ ಅವಧಿಯಲ್ಲಿ ಎಷ್ಟು ಬಲ ಉಳಿದಿರುತ್ತದೆ ಎಂದು ಹೇಳುವುದು ಬೇಡವೆಂದು ಅರ್ಥವಲ್ಲ.

ವಿದ್ಯೆ ದೂರದಲ್ಲೇನೂ ಇಲ್ಲ. ತೇಜಸ್ ವಿಮಾನಕ್ಕೆ ಕಾಂಪೊಸಿಟ್ ಭಾಗಗಳನ್ನು ರೂಪಿಸಿದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಬೆಂಗಳೂರಿನಲ್ಲಿದೆ. ಇಸ್ರೊ ಉಪಗ್ರಹಗಳ ಒಡಲು ಜೇನುಗೂಡು ಪ್ಯಾನೆಲ್ಲುಗಳದ್ದು. ಬಾಹ್ಯಾಕಾಶಕ್ಕೆ ಹೋಗುವ ಜೇನುಗೂಡಿನ ಗೋಡೆಗಳಿಗೆ ಸಣ್ಣ ರಂಧ್ರಗಳನ್ನು ಬಿಡುವುದು ರೂಢಿ, ಒಳಗಿನ ಗಾಳಿ ಏರುದಾರಿಯಲ್ಲೇ ಹೊರಹೋಗಿಬಿಡಲಿ, ನಿರ್ವಾತದಲ್ಲಿ ಹಾಳೆಯನ್ನು ನೂಕದಿರಲಿ ಎಂದು. ಹವೆ ಬದಲಾದರೆ ತಿರುಳಿಗೆ ಏನಾಗುತ್ತದೆ ಎಂದು ಮೊದಲೇ ಯೋಚಿಸಿದರೆ ಪರಿಹಾರ ಒಂದು ಸೂಜಿತೂತಿನಷ್ಟು ಅಗ್ಗವಾಗಿರಬಹುದು ಎಂಬುದಕ್ಕೆ ಇದು ಸಾಕ್ಷಿ. ಯೋಚಿಸದೆ ಬಿಟ್ಟಾಗಿನ ಬೆಲೆಯೂ ದಾಖಲಾಗಿದೆ. ಅಮೆರಿಕದ ಎಕ್ಸ್-33 ಯೋಜನೆಯ ಜೇನುಗೂಡು ಗೋಡೆಯ ದ್ರವ ಜಲಜನಕದ ಟ್ಯಾಂಕು 1999ರ ನವೆಂಬರಿನ ಪರೀಕ್ಷೆಯಲ್ಲಿ ಹಾಳಾಯಿತು. ಅತಿಶೀತಕ್ಕೆ ಒಳಹಾಳೆಯಲ್ಲಿ ಕೂದಲೆಳೆಯ ಬಿರುಕುಗಳಾಗಿ ಅನಿಲ ಗೂಡಿನೊಳಗೆ ನುಸುಳಿತು. ಟ್ಯಾಂಕು ಬೆಚ್ಚಗಾಗುವಾಗ ಆ ಅನಿಲ ಹಿಗ್ಗಿ ಹಾಳೆಯನ್ನೇ ಕಿತ್ತಿತು. 2001ರಲ್ಲಿ ಯೋಜನೆಯೇ ನಿಂತಿತು.

ಆಗಬೇಕಾದದ್ದು ದೊಡ್ಡದೇನಲ್ಲ. ಸರ್ಕಾರಿ ಮತ್ತು ಖಾಸಗಿ ಟೆಂಡರುಗಳಲ್ಲಿ ತಿರುಳಿನ ಬಲವನ್ನು ಎರಡು ಸಾಲಿನಲ್ಲಿ ಕೇಳಬೇಕು. ಒಂದು ಒಣ ಕೋಣೆಯ ಕನಿಷ್ಠ, ಇನ್ನೊಂದು ಆ ಊರಿನ ಅತಿ ಬಿಸಿ ಮತ್ತು ಅತಿ ತೇವದಲ್ಲಿ ವಾರಗಟ್ಟಲೆ ಇಟ್ಟ ಮೇಲಿನ ಕನಿಷ್ಠ. ಎರಡನೆಯ ಸಾಲು ಖಾಲಿ ಬಿಟ್ಟವರ ಸರಕನ್ನು ಅರ್ಧ ಬಲದ್ದೆಂದೇ ಎಣಿಸಿ ಲೆಕ್ಕ ಹಾಕಬೇಕು. ಸಂದಿ, ಅಂಚು, ತೂತು ಮುಚ್ಚುವ ಕೆಲಸ ಬಿಲ್ಲಿನಲ್ಲಿ 'ಇತರೆ' ಎಂಬ ತಲೆಬರಹದ ಕೆಳಗೆ ಕಳೆದುಹೋಗಬಾರದು. ಅದು ಗೋಡೆ ಎತ್ತುವಷ್ಟೇ ಮುಖ್ಯವಾದ ಕೆಲಸ, ಅದಕ್ಕೆ ಬೇರೆಯೇ ದರ, ಬೇರೆಯೇ ತಪಾಸಣೆ ಇರಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನಾಣ್ಯದಿಂದಲೋ ಸಣ್ಣ ಸುತ್ತಿಗೆಯಿಂದಲೋ ಪ್ಯಾನೆಲ್ಲನ್ನು ತಟ್ಟಿ ಕೇಳಬೇಕು. ಗಟ್ಟಿ ಇದ್ದಲ್ಲಿ ಸದ್ದು ಟಣ್ ಎನ್ನುತ್ತದೆ, ಹಾಳೆ ಬಿಟ್ಟಲ್ಲಿ ಅಥವಾ ತಿರುಳು ಕೆಟ್ಟಲ್ಲಿ ದೊಪ್ಪೆನ್ನುತ್ತದೆ. ದೋಣಿ ಪರೀಕ್ಷಿಸುವವರೂ ವಿಮಾನ ನೋಡಿಕೊಳ್ಳುವವರೂ ಈ ಹಳೆಯ ಉಪಾಯವನ್ನು ಇನ್ನೂ ಬಿಟ್ಟಿಲ್ಲ. ಆಳದ ದೋಷ ಇದಕ್ಕೆ ಸಿಗದಿರಬಹುದು, ಆದರೆ ಏನನ್ನೂ ಕೇಳದೆ ಇರುವುದಕ್ಕಿಂತ ಇದು ಎಷ್ಟೋ ವಾಸಿ.

ಕೊನೆಯದು ಕುಸಿತದ ವರದಿ. ಯಾವುದೇ ಪ್ಯಾನೆಲ್ ಕಟ್ಟಡ ಕೆಡವಿದಾಗ ಅಥವಾ ಕುಸಿದಾಗ ಒಳಗಿನ ತಿರುಳಿನ ಒಂದು ತುಂಡನ್ನು ತೂಗಿ, ಒಣಗಿಸಿ, ಮತ್ತೆ ತೂಗಿ, ಎಷ್ಟು ನೀರಿತ್ತೆಂದು ಬರೆದಿಡಬೇಕು. ಅದಕ್ಕೆ ಬೇಕಾದ ಸಾಮಾನು ಒಂದು ತಕ್ಕಡಿ, ಒಂದು ಒಲೆ. ಹೀಗೆ ಹತ್ತು ಊರುಗಳಿಂದ ಹತ್ತು ವರ್ಷ ಬರೆದಿಟ್ಟರೆ, ಮುಂಬೈಯ ತಿರುಳು ಎಷ್ಟು ಮಳೆಗಾಲ ತಾಳುತ್ತದೆ, ದೆಹಲಿಯದು ಎಷ್ಟು ಬೇಸಿಗೆ ತಾಳುತ್ತದೆ ಎಂಬುದಕ್ಕೆ ಬೇರೆ ದೇಶದ ಕೋಷ್ಟಕವನ್ನು ಕಾಯಬೇಕಾಗುವುದಿಲ್ಲ.

ಅಲ್ಲಿಯ ತನಕ ಕೊಳ್ಳುವವರ ಕೈಯಲ್ಲಿರುವುದು ಒಂದು ಪ್ರಶ್ನೆ ಮಾತ್ರ. ಮಾರುವವರು ಹೊಳೆಯುವ ಕಾಗದದಲ್ಲಿರುವ ಅಂಕಿಯ ಮೇಲೆ ಬೆರಳಿಟ್ಟಾಗ 'ಇದು ಯಾವ ಊರಿನ, ಯಾವ ತಿಂಗಳ ಬಲ?' ಎಂದು ಕೇಳಬೇಕು. ಉತ್ತರ ಬರದಿದ್ದರೆ, ಆ ಮಾಡಿನ ಕೆಳಗೆ ಯಾರನ್ನೂ ಮಲಗಿಸಬಾರದು.